ಕಳೆಗುಂದಿದ ಕಾರಿಗೆ ಮತ್ತೆ ಹೊಳಪು: ಎಷ್ಟು ಉಜ್ಜಬೇಕು, ಎಲ್ಲಿ ನಿಲ್ಲಿಸಬೇಕು?

ಪ್ರಶ್ನೆ: ನಮ್ಮದು ಹಳೆಯ ಕೆಂಪು ಕಾರು. ವರ್ಷಗಟ್ಟಲೆ ಬಿಸಿಲಿನಲ್ಲೇ ನಿಂತಿದ್ದರಿಂದ ಬಾನೆಟ್ ಮತ್ತು ಮೇಲ್ಚಾವಣಿಯ ಬಣ್ಣ ಸುಣ್ಣ ಸವರಿದಂತೆ ಬಿಳಿಚಿಕೊಂಡಿದೆ, ಕೈಯಾಡಿಸಿದರೆ ಪುಡಿ ಅಂಟುತ್ತದೆ. ವ್ಯಾಕ್ಸ್ ಹಚ್ಚಿದರೆ ಎರಡು ವಾರ ಚೆನ್ನಾಗಿ ಕಂಡು ಮತ್ತೆ ಮೊದಲಿನಂತೆಯೇ ಆಗುತ್ತದೆ. ಯಂತ್ರದಿಂದ ಪಾಲಿಶ್ ಮಾಡಿದರೆ ಮೂಲ ಬಣ್ಣ ಮರಳುವುದೇ? ಅಥವಾ ಹೊಸದಾಗಿ ಪೇಂಟ್ ಮಾಡಿಸಲೇಬೇಕೇ? ಈ ಕೆಲಸವನ್ನು ನಾನೇ ಮಾಡಿಕೊಳ್ಳಬಹುದೇ?

ಉತ್ತರ: ಕೈಗೆ ಅಂಟುವ ಪುಡಿ ಕೆಂಪಗಿದೆಯೋ ಬೆಳ್ಳಗಿದೆಯೋ ಎಂಬುದನ್ನು ನೀವು ಬರೆದಿಲ್ಲ; ಉತ್ತರದ ಬಹುಪಾಲು ಅದರ ಮೇಲೆಯೇ ನಿಂತಿದೆ. ಆದ್ದರಿಂದ ಯಂತ್ರ ಕೊಳ್ಳುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಕಾರನ್ನು ತೊಳೆದು ಒಣಗಿಸಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ, ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿಕೊಂಡು ಕೈಯಿಂದಲೇ ಉಜ್ಜಿ ನೋಡಿ. ಬಟ್ಟೆ ಕೆಂಪಾದರೆ ನಿಮ್ಮದು ಸಿಂಗಲ್ ಸ್ಟೇಜ್ ಪೇಂಟ್, ಅಂದರೆ ಬಣ್ಣವೂ ಹೊಳಪೂ ಒಂದೇ ಪದರದಲ್ಲಿರುವಂಥದ್ದು. ಬಟ್ಟೆಗೆ ಬಣ್ಣ ಹತ್ತದಿದ್ದರೆ, ಬಣ್ಣದ ಪದರದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿದೆ ಎಂದು ತಿಳಿಯಬೇಕು.

ಎರಡನೆಯ ಪರೀಕ್ಷೆಗೆ ಒಂದು ಚೊಂಬು ನೀರು ಸಾಕು. ಬಿಳಿಚಿದ ಜಾಗದ ಮೇಲೆ ನೀರು ಸುರಿದು, ಒದ್ದೆಯಾಗಿರುವಾಗ ನೋಡಿ. ಬಿಸಿಲಿನ ಅತಿನೇರಳೆ ಕಿರಣ, ಗಾಳಿಯ ಆಮ್ಲಜನಕ ಮತ್ತು ತೇವಾಂಶ ಸೇರಿ ಪೇಂಟಿನ ಮೇಲ್ಮೈಯಲ್ಲಿರುವ ರಾಳವನ್ನು ಕ್ರಮೇಣ ಒಡೆಯುತ್ತವೆ. ಹಿಡಿದಿಡುವ ರಾಳ ಹೋದ ಮೇಲೆ ಬಣ್ಣದ ಕಣಗಳು ಪುಡಿಯಾಗಿ ಮೇಲೆ ಉಳಿಯುತ್ತವೆ, ಮೇಲ್ಮೈ ಒರಟಾಗುತ್ತದೆ, ಬೆಳಕು ನೇರವಾಗಿ ಪ್ರತಿಫಲಿಸದೆ ದಿಕ್ಕುದಿಕ್ಕಿಗೆ ಚೆದುರುವುದರಿಂದ ಕೆಂಪು ಬೂದಿಯಂತೆ ಕಾಣುತ್ತದೆ. ನೀರು ಆ ಒರಟುತನವನ್ನು ತುಂಬಿ ತಾತ್ಕಾಲಿಕವಾಗಿ ನಯಗೊಳಿಸುತ್ತದೆ. ಒದ್ದೆಯಾದಾಗ ಕೆಂಪು ಕಳೆಗಟ್ಟಿ ಕಂಡರೆ ಹಾನಿ ಮೇಲುಮೇಲಿನದು, ಪಾಲಿಶ್ ಫಲ ಕೊಡುತ್ತದೆ ಎಂದು ಧೈರ್ಯವಾಗಿ ನಂಬಬಹುದು. ನಿಮ್ಮ ವ್ಯಾಕ್ಸ್ ಎರಡು ವಾರ ಮಾಡಿದ ಕೆಲಸವೂ ಇದೇ: ಅದು ಸತ್ತ ಪದರವನ್ನು ತೆಗೆಯಲಿಲ್ಲ, ಮುಚ್ಚಿತು ಅಷ್ಟೆ.

ಒದ್ದೆಯಾದಾಗಲೂ ಬಿಳಿ ಕಲೆಗಳು ಹಾಗೆಯೇ ಉಳಿದರೆ, ಅಥವಾ ಕಲೆಯ ಅಂಚಿನಲ್ಲಿ ಉಗುರಿಗೆ ಸಿಪ್ಪೆಯಂತೆ ಏನಾದರೂ ಏಳುತ್ತಿದ್ದರೆ, ಕ್ಲಿಯರ್ ಕೋಟ್ ಬಿಟ್ಟುಕೊಂಡಿದೆ ಎಂದೇ ಅರ್ಥ. ಅದಕ್ಕೆ ಯಾವ ಪಾಲಿಶ್ ಕೂಡ ಮದ್ದಲ್ಲ, ಉಜ್ಜಿದಷ್ಟೂ ಸಿಪ್ಪೆ ಹೆಚ್ಚು ಏಳುತ್ತದೆ. ಆ ಭಾಗವನ್ನು ಮತ್ತೆ ಪೇಂಟ್ ಮಾಡಿಸುವುದೊಂದೇ ದಾರಿ. ಕಾರಿನ ಉಳಿದ ಭಾಗ ಚೆನ್ನಾಗಿದ್ದರೆ ಬಾನೆಟ್ ಒಂದಕ್ಕೆ ಪೇಂಟ್ ಮಾಡಿಸಿ, ಮಿಕ್ಕಿದ್ದಕ್ಕೆ ಪಾಲಿಶ್ ಮಾಡಿಕೊಳ್ಳಬಹುದು.

ಪಾಲಿಶ್ ಎಂದರೆ ಹೊಳಪನ್ನು ಮೇಲಿನಿಂದ ಹಚ್ಚುವ ಕೆಲಸವಲ್ಲ, ಪೇಂಟನ್ನು ಸವೆಸುವ ಕೆಲಸ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಎಚ್ಚರಿಕೆಗಳು ತಾವಾಗಿಯೇ ಅರ್ಥವಾಗುತ್ತವೆ. ಕಾರ್ಖಾನೆಯಲ್ಲಿ ಹಾಕಿದ ಪೇಂಟಿನ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪವಿರುತ್ತವೆ. ಬರೆಯುವ ಕಾಗದದ ಒಂದು ಹಾಳೆಯೇ ಸುಮಾರು 100 ಮೈಕ್ರಾನ್ ಇರುತ್ತದೆ ಎಂಬುದನ್ನು ನೆನೆದರೆ ನಮ್ಮ ಕೈಯಲ್ಲಿರುವ ಬಂಡವಾಳ ಎಷ್ಟು ತೆಳುವೆಂಬುದು ತಿಳಿಯುತ್ತದೆ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40ರಿಂದ 50 ಮೈಕ್ರಾನ್ ಮಾತ್ರ. ಅತಿನೇರಳೆ ಕಿರಣವನ್ನು ತಡೆಯುವ ವಸ್ತುಗಳು ಇರುವುದೂ ಆ ಪದರದಲ್ಲೇ ಆದ್ದರಿಂದ, ಅದನ್ನು ಅತಿಯಾಗಿ ತೆಳುವಾಗಿಸಿದ ಕಾರು ಈ ಹೊತ್ತು ಕನ್ನಡಿಯಂತೆ ಹೊಳೆದರೂ ಕೆಲವೇ ವರ್ಷಗಳಲ್ಲಿ ಸಿಪ್ಪೆ ಏಳತೊಡಗುತ್ತದೆ. ಪೇಂಟಿನ ದಪ್ಪ ಅಳೆಯುವ ಮೀಟರನ್ನು ಯಾರಿಂದಲಾದರೂ ಎರವಲು ಪಡೆದು ಎಲ್ಲ ಭಾಗಗಳನ್ನೂ ಅಳೆದುಕೊಳ್ಳುವುದು ಒಳ್ಳೆಯದು. ಸುತ್ತಲಿನ ಭಾಗಗಳಿಗಿಂತ ಬಹಳ ಕಡಿಮೆ ತೋರಿಸುವ ಜಾಗವನ್ನು ಹಿಂದೆಯೇ ಯಾರೋ ಉಜ್ಜಿರಬಹುದು. 200 ಮೈಕ್ರಾನಿಗಿಂತ ಬಹಳ ಹೆಚ್ಚು ತೋರಿಸಿದರೆ ಅಲ್ಲಿ ಮರುಪೇಂಟ್ ಆಗಿರುವ ಸಂಭವವಿದೆ. ಸಾಮಾನ್ಯ ಮೀಟರ್ ಲೋಹದ ಮೇಲೆ ಮಾತ್ರ ಕೆಲಸ ಮಾಡುತ್ತದೆ, ಪ್ಲಾಸ್ಟಿಕ್ ಬಂಪರಿನ ಮೇಲೆ ಮಾಡುವುದಿಲ್ಲ.

ನೀವೇ ಮಾಡಿಕೊಳ್ಳಬಹುದೇ ಎಂದು ಕೇಳಿದ್ದೀರಿ. ತಾಳ್ಮೆ ಇದ್ದರೆ ಖಂಡಿತ ಮಾಡಬಹುದು, ಆದರೆ ಮೊದಲ ಯಂತ್ರ ಡ್ಯುಯಲ್ ಆ್ಯಕ್ಷನ್ ಬಗೆಯದಾಗಿರಲಿ. ಇದರ ಪ್ಯಾಡ್ ತನ್ನ ಸುತ್ತ ತಿರುಗುವುದರ ಜೊತೆಗೆ ಆಚೀಚೆ ಅಲುಗುತ್ತಲೂ ಇರುವುದರಿಂದ ಒಂದೇ ಬಿಂದುವಿನಲ್ಲಿ ಶಾಖ ಒಟ್ಟಾಗುವುದಿಲ್ಲ, ಒತ್ತಡ ಹೆಚ್ಚಾದರೆ ತಿರುಗುವುದೇ ನಿಧಾನವಾಗುತ್ತದೆ. ಒಂದೇ ಅಕ್ಷದ ಮೇಲೆ ತಿರುಗುವ ರೋಟರಿ ಯಂತ್ರ ಬೇಗ ಕೆಲಸ ಮುಗಿಸುತ್ತದೆ ನಿಜ, ಆದರೆ ಕೈ ಪಳಗದವರ ಕೈಯಲ್ಲಿ ಕ್ಷಣಮಾತ್ರದಲ್ಲಿ ಪೇಂಟನ್ನು ಸುಟ್ಟುಬಿಡುತ್ತದೆ.

ಕೆಲಸ ನೆರಳಿನಲ್ಲಿ, ಲೋಹ ತಣ್ಣಗಿರುವಾಗ ನಡೆಯಬೇಕು. ತೊಳೆದ ಮೇಲೂ ಕೈಗೆ ಮರಳಿನಂತೆ ತಾಗುವ ಕೊಳೆ ಉಳಿದಿದ್ದರೆ ನೊರೆನೀರು ಹಾಕಿಕೊಂಡು ಕ್ಲೇ ಬಾರಿನಿಂದ, ಅಂದರೆ ಕೊಳೆಯನ್ನು ಅಂಟಿಸಿಕೊಂಡು ಎತ್ತುವ ಜೇಡಿಮಣ್ಣಿನಂಥ ಮೆದು ಉಂಡೆಯಿಂದ, ಅದನ್ನು ತೆಗೆಯಿರಿ. ಇಲ್ಲದಿದ್ದರೆ ಆ ಕಣಗಳೇ ಪ್ಯಾಡಿಗೆ ಸಿಕ್ಕಿ ಗೀರೆಳೆಯುತ್ತವೆ. ರಬ್ಬರ್ ಪಟ್ಟಿ, ಪ್ಲಾಸ್ಟಿಕ್ ಭಾಗಗಳು ಮತ್ತು ಬಾನೆಟ್ಟಿನ ಚೂಪು ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಅಂಚುಗಳ ವಿಷಯದಲ್ಲಿ ನಾನು ಪಟ್ಟು ಹಿಡಿದು ಹೇಳುತ್ತೇನೆ: ಅಲ್ಲಿ ಪೇಂಟ್ ಎಲ್ಲಕ್ಕಿಂತ ತೆಳುವಾಗಿರುತ್ತದೆ, ಯಂತ್ರದ ಒತ್ತಡವೆಲ್ಲ ಒಂದೇ ಗೆರೆಯ ಮೇಲೆ ಬೀಳುತ್ತದೆ, ಒಮ್ಮೆ ಬಣ್ಣದ ಅಡಿಯಲ್ಲಿರುವ ಪ್ರೈಮರ್ ಪದರ ಕಾಣಿಸಿಕೊಂಡರೆ ಮರುಪೇಂಟಲ್ಲದೆ ಬೇರೆ ಉಪಾಯವಿಲ್ಲ. ಅಂಚುಗಳನ್ನು ಕೊನೆಯಲ್ಲಿ ಕೈಯಿಂದ ಉಜ್ಜಿದರೆ ಸಾಕು.

ಇಡೀ ಕಾರಿಗೆ ಕೈ ಹಾಕುವ ಮೊದಲು ಸುಮಾರು 50 ಸೆಂಟಿಮೀಟರ್ ಉದ್ದಗಲದ ಒಂದು ಚೌಕದಲ್ಲಿ ಪ್ರಯೋಗ ಮಾಡಿ. ಮೊದಲು ಮೆತ್ತನೆಯ ಫೋಮ್ ಪ್ಯಾಡ್ ಮತ್ತು ನಯವಾದ ಪಾಲಿಶ್. ಅದರಿಂದ ಆಗದಿದ್ದರೆ ಮಾತ್ರ ಗಟ್ಟಿ ಫೋಮ್ ಅಥವಾ ಮೈಕ್ರೊಫೈಬರ್ ಪ್ಯಾಡ್ ಮತ್ತು ಕಾಂಪೌಂಡ್, ಅಂದರೆ ಹೆಚ್ಚು ಸವೆಸುವ ಒರಟು ಪಾಲಿಶ್. ಪ್ಯಾಡಿಗೆ ಬಟಾಣಿ ಗಾತ್ರದ ನಾಲ್ಕೈದು ಹನಿ ಹಾಕಿ, ಯಂತ್ರವನ್ನು ಕಡಿಮೆ ವೇಗದಲ್ಲಿಟ್ಟು ಹರಡಿ, ನಂತರ ವೇಗ ಹೆಚ್ಚಿಸಿ. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧ ಭಾಗವನ್ನು ಮುಚ್ಚುವಂತೆ, ಒಮ್ಮೆ ಅಡ್ಡಲಾಗಿ ಇನ್ನೊಮ್ಮೆ ಉದ್ದಕ್ಕೆ, ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರಿನಷ್ಟು ನಿಧಾನವಾಗಿ, ನಾಲ್ಕರಿಂದ ಆರು ಸಲ ಯಂತ್ರವನ್ನು ಸಾಗಿಸಿ. ಆಗಾಗ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾದರೆ ನಿಲ್ಲಿಸಿ. ಪ್ಲಾಸ್ಟಿಕ್ ಬಂಪರ್ ಶಾಖವನ್ನು ಲೋಹದಂತೆ ಹರಡುವುದಿಲ್ಲವಾದ್ದರಿಂದ ಅಲ್ಲಿ ಇನ್ನೂ ಬೇಗ ನಿಲ್ಲಿಸಬೇಕು.

ಆಕ್ಸಿಡೀಕರಣಗೊಂಡ ಪೇಂಟಿನಲ್ಲಿ ಪ್ಯಾಡ್ ಬಹುಬೇಗ ಪುಡಿಯಿಂದ ತುಂಬಿಹೋಗುತ್ತದೆ. ಪ್ರತಿ ಚೌಕದ ನಂತರ ಅದನ್ನು ಬ್ರಷ್‌ನಿಂದ ಕೆರೆದು ಶುಚಿಮಾಡಿ, ಐದಾರು ಪ್ಯಾಡ್‌ಗಳನ್ನು ಕೈಯಳತೆಯಲ್ಲಿಟ್ಟುಕೊಳ್ಳಿ. ಸಿಂಗಲ್ ಸ್ಟೇಜ್ ಪೇಂಟಾದರೆ ಪ್ಯಾಡ್ ಕೆಂಪಾಗುವುದು ಸಹಜ, ಗಾಬರಿ ಬೇಡ. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಪ್ಯಾಡ್ ಕೆಂಪಾದರೆ ಮಾತ್ರ ಆ ಕ್ಷಣವೇ ಯಂತ್ರ ನಿಲ್ಲಿಸಿ. ಪಾರದರ್ಶಕ ಪದರ ಮುಗಿದು ಬಣ್ಣಕ್ಕೆ ತಾಗಿದ್ದೀರಿ ಎಂಬುದರ ಗುರುತು ಅದು. ಹಳೆಯ ಪೇಂಟುಗಳಲ್ಲಿ ಸೀಸದ ಅಂಶವಿರುವ ಸಾಧ್ಯತೆ ಇರುವುದರಿಂದ ಮಾಸ್ಕ್ ಮತ್ತು ಕನ್ನಡಕ ಧರಿಸದೆ ಕೆಲಸಕ್ಕೆ ಇಳಿಯಬೇಡಿ.

ಚೌಕ ಮುಗಿದ ಮೇಲೆ, ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಹಗುರವಾಗಿ ಒರೆಸಿ ನೋಡಿ. ಪಾಲಿಶಿನ ಎಣ್ಣೆ ಗೀರುಗಳನ್ನು ಮರೆಮಾಚಿ ಸುಳ್ಳು ಹೊಳಪು ತೋರಿಸುತ್ತಿದ್ದರೆ ಅದು ಆಗ ಬಯಲಾಗುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಅಳಿಸಲು ಹೋಗಬೇಡಿ. ಕಾರು ಹೊಸದರಂತಾಗದಿದ್ದರೂ ಕೆಂಪು ಕೆಂಪಾಗಿ ಕಂಡರೆ ಅಲ್ಲಿಗೆ ನಿಲ್ಲಿಸುವುದೇ ಲೇಸು. ಹೊಸದಾಗಿ ತೆರೆದುಕೊಂಡ ಪೇಂಟಿಗೆ ಅದೇ ದಿನ ವ್ಯಾಕ್ಸ್ ಅಥವಾ ಸೀಲೆಂಟ್ (ವ್ಯಾಕ್ಸಿನಂತೆಯೇ ಪೇಂಟನ್ನು ಕಾಯುವ ಕೃತಕ ಲೇಪ) ಹಚ್ಚಿ; ವ್ಯಾಕ್ಸಿನ ರಕ್ಷಣೆ ಕೆಲವು ವಾರಗಳಿಂದ ಎರಡು ಮೂರು ತಿಂಗಳವರೆಗೆ ಬರುತ್ತದೆ, ಸೀಲೆಂಟ್ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.

ಪ್ರಶ್ನೆ: ಕಪ್ಪು ಕಾರನ್ನು ರೋಟರಿ ಯಂತ್ರದಿಂದ ಪಾಲಿಶ್ ಮಾಡಿಸಿದೆ. ನೆರಳಿನಲ್ಲಿ ಅದ್ಭುತವಾಗಿ ಕಾಣುತ್ತದೆ. ಬಿಸಿಲಿಗೆ ತಂದರೆ ಹೊಗೆಯ ಸುರುಳಿಯಂಥ ಗುರುತುಗಳು ಕಾರು ಸರಿದಂತೆ ಸರಿಯುತ್ತವೆ. ಪೇಂಟ್ ಹಾಳಾಯಿತೇ?

ಉತ್ತರ: ಹಾಳಾಗಿಲ್ಲ, ಕೆಲಸ ಅರ್ಧಕ್ಕೆ ನಿಂತಿದೆ. ಇವನ್ನು ಹೋಲೋಗ್ರಾಮ್ ಎನ್ನುತ್ತಾರೆ. ಉಣ್ಣೆಯ ಪ್ಯಾಡ್ ಮತ್ತು ಒರಟು ಕಾಂಪೌಂಡ್ ಒಂದೇ ದಿಕ್ಕಿನಲ್ಲಿ ತಿರುಗಿ ಬಿಟ್ಟುಹೋದ ಅತಿಸೂಕ್ಷ್ಮ ಗೀರುಗಳು ಇವು, ಗಾಢ ಬಣ್ಣದಲ್ಲಿ ಹೆಚ್ಚು ಎದ್ದು ಕಾಣುತ್ತವೆ. ಡ್ಯುಯಲ್ ಆ್ಯಕ್ಷನ್ ಯಂತ್ರದಲ್ಲಿ ಮೆತ್ತನೆಯ ಫೋಮ್ ಪ್ಯಾಡ್ ಮತ್ತು ಫಿನಿಶಿಂಗ್ ಪಾಲಿಶ್ ಬಳಸಿ ಇನ್ನೊಂದು ಸುತ್ತು ಮುಗಿಸಿದರೆ ಬಹುಮಟ್ಟಿಗೆ ಹೋಗುತ್ತವೆ, ಸವೆಯುವ ಪೇಂಟೂ ಅತ್ಯಲ್ಪ. ಗ್ಲೇಜ್ ಎಂಬ, ಗೀರುಗಳನ್ನು ತುಂಬಿ ಮರೆಮಾಚುವ ಲೇಪ ಹಚ್ಚಿ ಮುಚ್ಚಿಕೊಡುತ್ತೇವೆಂದರೆ ಒಪ್ಪಬೇಡಿ, ನಾಲ್ಕಾರು ಬಾರಿ ತೊಳೆದ ಮೇಲೆ ಗುರುತುಗಳು ಮತ್ತೆ ಕಾಣಿಸಿಕೊಳ್ಳುತ್ತವೆ.

ಪ್ರಶ್ನೆ: ಆರು ತಿಂಗಳಿಗೊಮ್ಮೆ ಮಷಿನ್ ಪಾಲಿಶ್ ಮಾಡಿಸಿದರೆ ಬಣ್ಣ ಮಾಸುವುದಿಲ್ಲ ಎನ್ನುತ್ತಾರೆ, ನಿಜವೇ?

ಉತ್ತರ: ಇಲ್ಲ. ಪ್ರತಿ ಸಲವೂ ಕೆಲವು ಮೈಕ್ರಾನ್ ಪೇಂಟ್ ಹೋಗುತ್ತದೆ, ಅದು ಮತ್ತೆ ಬೆಳೆಯುವಂಥದ್ದಲ್ಲ. ಆರು ತಿಂಗಳಿಗೊಮ್ಮೆ ಹೊಸದಾಗಿ ಹಚ್ಚಬೇಕಾದದ್ದು ಸೀಲೆಂಟನ್ನು. ತೊಳೆಯುವಾಗ ಸೋಪು ನೀರಿಗೆ ಒಂದು, ಬಟ್ಟೆ ಜಾಲಿಸಲು ಇನ್ನೊಂದು ಎಂದು ಎರಡು ಬಕೆಟ್ ಇಟ್ಟುಕೊಳ್ಳಿ, ಒಣ ಬಟ್ಟೆಯಿಂದ ಧೂಳು ಒರೆಸುವ ಅಭ್ಯಾಸ ಬಿಡಿ, ಸಾಧ್ಯವಾದಷ್ಟು ನೆರಳಿನಲ್ಲಿ ನಿಲ್ಲಿಸಿ. ಹಾಗೆ ನೋಡಿಕೊಂಡ ಕಾರಿಗೆ ವರ್ಷಗಟ್ಟಲೆ ಪಾಲಿಶ್ ಯಂತ್ರದ ಅಗತ್ಯವೇ ಬೀಳುವುದಿಲ್ಲ.