ಏನೂ ಅನಿಸದಿದ್ದರೆ ದೇವರ ಪರಿಚಯವೇ ಇಲ್ಲ ಅಂತಲಾ?

ಪ್ರತಿ ಭಾನುವಾರ ಚರ್ಚಿಗೆ ಹೋದರೂ ಒಳಗೆ ಏನೂ ಅನಿಸುವುದಿಲ್ಲ, ಹಾಗಾದರೆ ನನಗೆ ದೇವರು ಗೊತ್ತೇ ಇಲ್ಲವಾ ಎಂದು ಕೇಳಿದ್ದೀರಿ. ಅಷ್ಟು ಬೇಗ ತೀರ್ಮಾನಿಸಬೇಡಿ.

ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥಕ್ಕೆ ಕಾರಣರಾದ ಇಂಗ್ಲೆಂಡಿನ ಜಾನ್ ವೆಸ್ಲಿ ಪಾದ್ರಿಯಾಗಿದ್ದರು, ಅಮೆರಿಕಕ್ಕೆ ಮಿಷನರಿಯಾಗಿಯೂ ಹೋಗಿಬಂದಿದ್ದರು. ಆದರೂ ಕ್ರಿಸ್ತ ‘ನನ್ನ’ ಪಾಪವನ್ನೂ ಕ್ಷಮಿಸಿದ್ದಾನೆ ಎಂಬ ಭರವಸೆ ಅವರಿಗೆ ಬಂದದ್ದು 1738ರ ಮೇ 24ರಂದು, ಲಂಡನ್ನಿನ ಒಂದು ಸಣ್ಣ ಕೂಟದಲ್ಲಿ. ಅದಾದ ಮೇಲೂ ಅವರ ದಿನಚರಿಯಲ್ಲಿ ಸಂಶಯದ ದಿನಗಳಿವೆ! ಭಾವನೆ ಬರುತ್ತದೆ, ಹೋಗುತ್ತದೆ. ಸುಮ್ನೆ ಅದನ್ನೇ ಅಳತೆಗೋಲು ಮಾಡಿಕೊಳ್ಳುವುದು ಸರಿಯಲ್ಲ ಅನಿಸುತ್ತದೆ.

ಬೈಬಲ್ಲಿನ 13ನೇ ಕೀರ್ತನೆ ಓದಿ. ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀಯ ಎಂದು ದೇವರ ಜೊತೆ ಜಗಳಕ್ಕೇ ನಿಲ್ಲುತ್ತದೆ. ಪರಿಚಯವಿಲ್ಲದವರ ಹತ್ತಿರ ಯಾರಾದರೂ ಹಾಗೆ ಮುನಿಸಿಕೊಳ್ಳುತ್ತಾರಾ? ನೀವೂ ಬಾಯಿಪಾಠದ ಪ್ರಾರ್ಥನೆ ಮುಗಿದ ಮೇಲೆ ನಿಮ್ಮ ಸಿಟ್ಟು, ಬೇಜಾರು ಎಲ್ಲ ಹೇಳಿ. ಜೊತೆಗೆ ಮಾರ್ಕನ ಸುವಾರ್ತೆ ಓದಿ, ಯೇಸುವಿನ ಬದುಕನ್ನು ಹೇಳುವ ಬೈಬಲ್ಲಿನ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು.