ಕಾಮಿಕ್ಸ್ ಪ್ರಶ್ನೋತ್ತರ: ಈ ಬ್ಯಾಟ್‌ಮನ್‌ಗೆ ಅಮ್ಮ ಇದ್ದಾಳೆ

ಪ್ರಶ್ನೆ: ಸೂಪರ್‌ಹೀರೋ ಸಿನಿಮಾ ನೋಡಿ ನೋಡಿ ಸಾಕಾಗಿದೆ. ಕೊನೆಗೆ ಆಕಾಶದಲ್ಲಿ ಒಂದು ಬೆಳಕಿನ ಕಂಬ, ಕೆಳಗೆ ಊರೆಲ್ಲ ಪುಡಿಪುಡಿ. ಕಾಮಿಕ್ಸ್‌ನಲ್ಲೂ ಇದೇ ಕಥೆನಾ?
– ಕಾಲೇಜು ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಅಲ್ಲ. ಈಚಿನ ಎರಡು-ಮೂರು ವರ್ಷಗಳಲ್ಲಂತೂ ಖಂಡಿತ ಅಲ್ಲ. 2024ರ ಅಕ್ಟೋಬರ್‌ನಲ್ಲಿ ಡಿಸಿ ಕಂಪನಿಯ 'ಆಬ್ಸಲ್ಯೂಟ್ ಬ್ಯಾಟ್‌ಮನ್' ಶುರುವಾಯಿತು. ಬರೆಯುವವರು ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಗೋಟಾ ಅವರದು. ಬ್ಯಾಟ್‌ಮನ್‌ನ ನಿಜರೂಪ ಬ್ರೂಸ್ ವೇನ್ ಅಂದರೆ ಬಂಗಲೆ, ಕೋಟಿಗಟ್ಟಲೆ ದುಡ್ಡು, ಬಾಗಿಲು ತೆಗೆಯೋಕೆ ಆಲ್ಫ್ರೆಡ್, ಅಲ್ವಾ? ಇಲ್ಲಿ ಅದ್ಯಾವುದೂ ಇಲ್ಲ. ಇವನು ದುಡಿದು ತಿನ್ನುವ ಮನೆಯ ಹುಡುಗ, ಓದಿ ಎಂಜಿನಿಯರ್ ಆದವನು. ಅಪ್ಪ ಸ್ಕೂಲ್ ಮೇಷ್ಟ್ರು. ಮಕ್ಕಳನ್ನು ಮೃಗಾಲಯ ನೋಡಲು ಕರೆದುಕೊಂಡು ಹೋದ ದಿನ ಅಲ್ಲಿ ಯಾರೋ ಗುಂಡು ಹಾರಿಸುತ್ತಾನೆ, ಅಪ್ಪ ಸಾಯುತ್ತಾರೆ. ಆದರೆ ಅಮ್ಮ ಮಾರ್ಥಾ ಬದುಕಿದ್ದಾಳೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಹಳೆಯ ಬ್ಯಾಟ್‌ಮನ್ ಕಳೆದುಕೊಳ್ಳೋದನ್ನೆಲ್ಲ ಮೊದಲ ಪುಟದಲ್ಲೇ ಕಳೆದುಕೊಂಡವನು. ಇವನಿಗೆ ಅಮ್ಮ ಇದ್ದಾಳೆ, ಜೊತೆಗೆ ಚಿಕ್ಕಂದಿನ ಗೆಳೆಯರೂ ಇದ್ದಾರೆ, ಮತ್ತು ಆ ಗೆಳೆಯರ ಹೆಸರು ವೇಲನ್ ಜೋನ್ಸ್, ಓಸ್ವಾಲ್ಡ್, ಹಾರ್ವಿ ಡೆಂಟ್, ಸೆಲೀನಾ. ಹಳೆಯ ಕಥೆ ಗೊತ್ತಿದ್ದವರಿಗೆ ಈ ಹೆಸರು ಓದುವಾಗಲೇ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ, ಯಾಕೆಂದರೆ ಇವರೆಲ್ಲ ಅಲ್ಲಿ ಖಳರು. ದುಡ್ಡೆಲ್ಲ ಜೋಕರ್ ಹತ್ತಿರ ಇದೆ, ಮತ್ತು ಈ ಜೋಕರ್ ನಗುವುದೇ ಇಲ್ಲ.

ಮಡಿಕೇರಿ ದಸರಾ ಮಂಟಪ ನೋಡಲು ನಾವು ರಾತ್ರಿಯಿಡೀ ನಿಲ್ಲುತ್ತೇವೆ. ರಾಕ್ಷಸ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು. ಈ ಸಲ ಹೇಗೆ ಕಟ್ಟಿದ್ದಾರೆ ಅಂತ ನೋಡೋಕೆ ಹೋಗುತ್ತೇವೆ. ಒಳ್ಳೆಯ ಸೂಪರ್‌ಹೀರೋ ಕಾಮಿಕ್ಸ್ ಓದುವ ಸುಖವೂ ಅಂಥದ್ದೇ. ಹಾಗಾಗಿ ಮುಖಪುಟದ ಪಾತ್ರ ನೋಡಿ ಪುಸ್ತಕ ಕೊಳ್ಳಬೇಡಿ. ಬರೆದವರು ಯಾರು, ಅದಕ್ಕಿಂತ ಮುಖ್ಯವಾಗಿ ಬಿಡಿಸಿದವರು ಯಾರು ಅಂತ ನೋಡಿ. ಡ್ರಗೋಟಾ ಬಿಡಿಸಿದ ಬ್ಯಾಟ್‌ಮನ್ ಚೌಕದಲ್ಲಿ ಹಿಡಿಸದಷ್ಟು ದೊಡ್ಡ ಆಳು, ಎದೆಯ ಮೇಲಿನ ಬಾವಲಿ ಗುರುತನ್ನೇ ಕಿತ್ತು ಕೊಡಲಿ ಮಾಡಿಕೊಳ್ಳುತ್ತಾನೆ. ಇದನ್ನು ಮಾತಿನಲ್ಲಿ ಹೇಳಿದರೆ ಏನೂ ಅನ್ನಿಸುವುದಿಲ್ಲ, ಪುಟ ತಿರುಗಿಸಿದಾಗ ಮೈ ಜುಮ್ ಅನ್ನುತ್ತದೆ.

ಪ್ರಶ್ನೆ: ನನಗೆ ವಯಸ್ಸು ನಲವತ್ತು ದಾಟಿದೆ, ಅಂಗಡಿ ವ್ಯಾಪಾರ, ಇಬ್ಬರು ಮಕ್ಕಳು. ಹುಡುಗನಾಗಿದ್ದಾಗ ಸ್ಪೈಡರ್‌ಮ್ಯಾನ್ ಅಂದರೆ ಪ್ರಾಣ. ಈಗ ಓದಿದರೆ ಅವನು ಇನ್ನೂ ಹುಡುಗನೇ, ನನಗೆ ಹತ್ತಿರ ಅನ್ನಿಸಲ್ಲ.
– ಓದುಗರು, ಗೋಣಿಕೊಪ್ಪ

ಉತ್ತರ: ಹಾಗಾದರೆ 2024ರ ಜನವರಿಯಲ್ಲಿ ಶುರುವಾದ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್' ನಿಮಗಾಗಿಯೇ ಬರೆದ ಹಾಗಿದೆ. ಜೊನಾಥನ್ ಹಿಕ್ಮನ್ ಬರೆದು ಮಾರ್ಕೊ ಚೆಕೆಟ್ಟೊ ಚಿತ್ರ ಬಿಡಿಸಿದ್ದು. ಇಲ್ಲಿ ಪೀಟರ್‌ಗೆ ಮದುವೆಯಾಗಿದೆ, ಎರಡು ಮಕ್ಕಳಿದ್ದಾರೆ, ಶಕ್ತಿ ಇನ್ನೂ ಬಂದಿಲ್ಲ. ಬರಬೇಕಾದ ವಯಸ್ಸಿನಲ್ಲಿ ಅದನ್ನು ಬೇರೆಯವರು ಅವನಿಂದ ತಪ್ಪಿಸಿದ್ದಾರೆ. ಈಗ ಅದು ಬೇಕಾ ಬೇಡವಾ ಅಂತ ಅವನೇ ಕೂತು ಯೋಚಿಸಿ ತೀರ್ಮಾನ ಮಾಡಬೇಕು. ಹದಿನೈದರ ಹುಡುಗನಿಗೆ ಜೇಡ ಕಚ್ಚುವುದು ಆಕಸ್ಮಿಕ. ಹೆಂಡತಿ ಮಕ್ಕಳಿರುವ ಗಂಡಸು 'ನನ್ನ ಬದುಕಲ್ಲಿ ಏನೋ ತಪ್ಪಿಹೋಗಿದೆ' ಅಂದುಕೊಂಡು ಆ ಜೇಡವನ್ನು ತಾನೇ ಒಪ್ಪಿಕೊಳ್ಳುವುದು ಬೇರೆಯೇ ಕಥೆ. ಹಳೆಯ ಕಥೆಯಲ್ಲಿ ಸಾಯುವ ಬೆನ್ ಅಂಕಲ್ ಇಲ್ಲಿ ಬದುಕಿದ್ದಾರೆ, ಅದೂ ಗಟ್ಟಿ ಪಾತ್ರವಾಗಿ. ಹೊಡೆದಾಟಕ್ಕಿಂತ ಊಟದ ಮೇಜಿನ ಮಾತು ಜಾಸ್ತಿ, ಅದೇ ಈ ಪುಸ್ತಕದ ರುಚಿ.

ಪ್ರಶ್ನೆ: 'ಆಬ್ಸಲ್ಯೂಟ್ ಮಾರ್ಷಿಯನ್ ಮ್ಯಾನ್‌ಹಂಟರ್' ಎಲ್ಲರೂ ಹೊಗಳುತ್ತಾರೆ. ನನಗೆ ತಲೆಬುಡ ಗೊತ್ತಾಗಲಿಲ್ಲ.
– ಓದುಗರು, ಸಿದ್ದಾಪುರ

ಉತ್ತರ: ಇನ್ನೊಂದು ಸಲ ಓದಿ, ಆದರೆ ಮೊದಲು ಮಾತಿನ ಗುಳ್ಳೆಗಳನ್ನು ಬಿಟ್ಟು ಬರೀ ಬಣ್ಣ ನೋಡುತ್ತಾ ಹೋಗಿ. ಡೆನಿಜ್ ಕ್ಯಾಂಪ್ ಬರೆದಿರುವ ಈ ಕಥೆಯಲ್ಲಿ ಎಫ್‌ಬಿಐ ಅಧಿಕಾರಿಯೊಬ್ಬ ಬಾಂಬ್ ದಾಳಿಯಲ್ಲಿ ಬದುಕಿ ಉಳಿಯುತ್ತಾನೆ. ಆಮೇಲೆ ಅವನಿಗೆ ಜನರ ಮನಸ್ಸಿನಲ್ಲಿರುವುದು ಹೊಗೆಯ ಹಾಗೆ, ಬಣ್ಣಬಣ್ಣವಾಗಿ ಕಾಣತೊಡಗುತ್ತದೆ. ಚಿತ್ರವನ್ನೂ ಬಣ್ಣವನ್ನೂ ಹವಿಯರ್ ರೊಡ್ರಿಗಸ್ ಒಬ್ಬರೇ ಮಾಡಿದ್ದಾರೆ, ಹಾಗಾಗಿ ಬಣ್ಣ ಇಲ್ಲಿ ಅಲಂಕಾರ ಅಲ್ಲ, ಕಥೆ ನಡೆಯುವುದೇ ಅದರಲ್ಲಿ. ಅದೇ ಸಾಲಿನ 'ಆಬ್ಸಲ್ಯೂಟ್ ಸೂಪರ್‌ಮ್ಯಾನ್' ನನಗೆ ಅಷ್ಟು ಹಿಡಿಸಲಿಲ್ಲ. ಅವನು ಹುಟ್ಟಿದ ಗ್ರಹ ಕ್ರಿಪ್ಟಾನ್‌ಗೂ ಭೂಮಿಗೂ ಸುಮ್ನೆ ಹಾರಿ ಹಾರಿ ಎರಡೂ ಕಡೆ ಮನಸ್ಸು ನಿಲ್ಲುವುದಿಲ್ಲ. 'ಆಬ್ಸಲ್ಯೂಟ್ ವಂಡರ್ ವುಮನ್' ಮಾತ್ರ ಬಿಡಬೇಡಿ. ನರಕದಲ್ಲಿ ಬೆಳೆದ ಹುಡುಗಿ ಅವಳು, ಸಾಕಿದವಳು ಸರ್ಸಿ ಎಂಬ ಮಾಟಗಾತಿ. ಅಂಥ ಜಾಗದಲ್ಲಿ ಬೆಳೆದೂ ಅವಳಲ್ಲಿ ಅಷ್ಟು ಕರುಣೆ ಇದೆ.

ಪ್ರಶ್ನೆ: ಸೂಪರ್‌ಹೀರೋ ಬೇಡ. ಇಂಡಿಪೆಂಡೆಂಟ್ ಕಾಮಿಕ್ಸ್ ಓದಬೇಕು ಅಂತಿದ್ದೇನೆ, ಎಲ್ಲಿಂದ ಶುರು ಮಾಡಲಿ?
– ಓದುಗರು, ಕುಶಾಲನಗರ

ಉತ್ತರ: ಮೊದಲು ಒಂದು ವಿಷಯ. 1992ರಲ್ಲಿ ಟಾಡ್ ಮ್ಯಾಕ್‌ಫಾರ್ಲೇನ್, ಜಿಮ್ ಲೀ ಸೇರಿ ಏಳು ಜನ ಚಿತ್ರಕಾರರು ಇಮೇಜ್ ಕಾಮಿಕ್ಸ್ ಕಟ್ಟಿದರು. ಅಲ್ಲಿ ಕಥೆಯ ಹಕ್ಕು ಮಾಡಿದವರದ್ದೇ. ಓದುಗನಿಗೆ ಇದರಿಂದ ಏನು ಲಾಭ ಅಂದರೆ, ಕಥೆ ಮುಗಿಯುತ್ತದೆ. ಬ್ಯಾಟ್‌ಮನ್‌ನನ್ನು ಸಾಯಿಸಿದರೂ ಕಂಪನಿ ಇನ್ನೊಂದು ವರ್ಷಕ್ಕೆ ಎಬ್ಬಿಸಿ ಕೂರಿಸುತ್ತದೆ. ಇಲ್ಲಿ ಸತ್ತವರು ಸತ್ತರು. 2012ರಿಂದ ಬರುತ್ತಿರುವ 'ಸಾಗಾ' ಓದಿದವರಿಗೆ ಆ ಭಯ ಗೊತ್ತು.

ಆದರೆ ನಿಮಗೆ ನಾನು ಕೊಡುವ ಮೊದಲ ಪುಸ್ತಕ ಬೇರೆ: 'ದೀಸ್ ಸ್ಯಾವೇಜ್ ಶೋರ್ಸ್'. ಬರೆದದ್ದು ರಾಮ್ ವಿ, ಚಿತ್ರ ಸುಮಿತ್ ಕುಮಾರ್. ಕಾಲ 1766, ಜಾಗ ಕ್ಯಾಲಿಕಟ್. ಲಂಡನ್ನಿನ ರಕ್ತಪಿಶಾಚಿಯೊಬ್ಬ ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಮಲಬಾರ್ ತೀರಕ್ಕೆ ಬರುತ್ತಾನೆ, ಇಲ್ಲಿ ತನಗಿಂತ ಹಳೆಯದೊಂದು ಕಾದಿದೆ ಅಂತ ಅವನಿಗೆ ಗೊತ್ತಿಲ್ಲ. ಮಾಕುಟ್ಟ ಘಾಟಿ ಇಳಿದರೆ ನಮಗೆ ಸಿಗುವ ಕರಾವಳಿಯೇ ಅದು. ಹೈದರಾಲಿಯ ದಂಡು, ಕಾಡು, ಮೆಣಸು, ಕಂಪನಿಯವರ ಲೆಕ್ಕಾಚಾರ ಎಲ್ಲ ಬರುತ್ತದೆ. ಆ ಕಾಲದ ಮಾತು ಬಂದರೆ ನಮ್ಮ ಜಿಲ್ಲೆಯಲ್ಲಿ ಈಗಲೂ ದನಿ ಏರುತ್ತದೆ, ಏರಲು ಕಾರಣವೂ ಇದೆ. ಈ ಪುಸ್ತಕ ಯಾವ ರಾಜನನ್ನೂ ಹೊಗಳೋಕೆ ಹೋಗಿಲ್ಲ, ಅಧಿಕಾರಕ್ಕೆ ಎಷ್ಟು ಹಸಿವು ಅಂತ ತೋರಿಸಿದೆ. ಪುಟಪುಟದಲ್ಲಿ ಒಂಬತ್ತು ಚೌಕ ಹಾಕಿ ಸುಮಿತ್ ಕುಮಾರ್ ಉಸಿರು ಬಿಗಿಹಿಡಿಸುತ್ತಾರೆ, ಆಮೇಲೆ ಒಂದೇ ದೊಡ್ಡ ಚಿತ್ರ ಬಂದಾಗ ನಾವು ಅಲ್ಲೇ ನಿಂತುಬಿಡುತ್ತೇವೆ. ಮಾತಿನ ಗುಳ್ಳೆಗಳ ಅಕ್ಷರ ಬರೆದವರು ಆದಿತ್ಯ ಬಿಡೀಕರ್. ಅವರ ಹೆಸರನ್ನೂ ನೆನಪಿಡಿ, ಪಾತ್ರದ ದನಿ ನಿಮ್ಮ ಕಿವಿಗೆ ಬೀಳುವುದು ಅವರ ಕೈಯಿಂದ.

ಇದು ಹಿಡಿಸಿದರೆ ಅದೇ ರಾಮ್ ವಿ ಬರೆದ 'ದಿ ಮೆನಿ ಡೆತ್ಸ್ ಆಫ್ ಲೈಲಾ ಸ್ಟಾರ್' ಓದಿ. ಸಾವೇ ಇಲ್ಲದ ಹಾಗೆ ಮಾಡುವ ಮಗುವೊಂದು ಮುಂಬೈಯಲ್ಲಿ ಹುಟ್ಟಲಿದೆ ಅಂತ ಸಾವಿನ ದೇವತೆಯನ್ನು ಕೆಲಸದಿಂದ ತೆಗೆಯುತ್ತಾರೆ. ಐದೇ ಸಂಚಿಕೆ. ಪೋರ್ಚುಗಲ್‌ನ ಫಿಲಿಪೆ ಆಂದ್ರಾದೆ ಬಿಡಿಸಿದ ಮುಂಬೈಯ ಗುಲಾಬಿ-ನೇರಳೆ ಸಂಜೆಗಳನ್ನು ನೋಡಿ.

ಪ್ರಶ್ನೆ: ಮಗನಿಗೆ ಹತ್ತು ವರ್ಷ. ನೀವು ಹೊಗಳುವ ಬ್ಯಾಟ್‌ಮನ್ ಕೊಡಿಸಬಹುದಾ?
– ತಾಯಿ, ನಾಪೋಕ್ಲು

ಉತ್ತರ: ಬೇಡ, ರಕ್ತ ಜಾಸ್ತಿ. 'ಸಾಗಾ' ಅಂತೂ ಅವನ ಕೈಗೆ ಸಿಗಲೇಬಾರದು. ಜೀನ್ ಲುಯೆನ್ ಯಾಂಗ್ ಬರೆದ 'ಸೂಪರ್‌ಮ್ಯಾನ್ ಸ್ಮ್ಯಾಶಸ್ ದ ಕ್ಲಾನ್' ಕೊಡಿಸಿ. ಹೊಸ ಬೀದಿಗೆ ಬಂದ ಚೀನೀ ಕುಟುಂಬದ ಮಕ್ಕಳ ಕಥೆ, ನೀವೂ ಜೊತೆಗೆ ಕೂತು ಓದಿ.

ಪ್ರಶ್ನೆ: ಮಳೆಗಾಲದಲ್ಲಿ ಪುಸ್ತಕಕ್ಕೆಲ್ಲ ಬೂಷ್ಟು. ಟ್ಯಾಬ್‌ನಲ್ಲೇ ಓದಲಾ?
– ಓದುಗರು, ಭಾಗಮಂಡಲ

ಉತ್ತರ: ತಿಂಗಳ ಸಂಚಿಕೆಗಳನ್ನು ಟ್ಯಾಬ್‌ನಲ್ಲಿ ಓದಿ, ತುಂಬಾ ಇಷ್ಟವಾದದ್ದನ್ನು ಮಾತ್ರ ಪುಸ್ತಕವಾಗಿ ಕೊಳ್ಳಿ. ಒಂದೊಂದೇ ಚೌಕ ತೋರಿಸುವ ಸೌಲಭ್ಯವನ್ನು ಆಫ್ ಮಾಡಿ, ಚಿತ್ರಕಾರ ಕಟ್ಟಿದ್ದು ಇಡೀ ಪುಟವನ್ನು. ಪುಸ್ತಕವನ್ನು ಗೋಡೆಗೆ ತಾಗಿಸಿ ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಟ್ಟರೆ ಆಷಾಢ ದಾಟುತ್ತದೆ, ಆದರೆ ಪುಸ್ತಕ ಒಣಗಿರುವಾಗಲೇ ಒಳಗೆ ಹಾಕಬೇಕು.

ಪ್ರಶ್ನೆ: ಕಾವೇರಿ ಕಾಯುವ ಸೂಪರ್‌ಹೀರೋ ಕಥೆಯನ್ನು ಕನ್ನಡದಲ್ಲಿ ಬಿಡಿಸಬೇಕು ಅಂತ ಆಸೆ. ಕನ್ನಡದಲ್ಲಿ ಯಾರು ಓದುತ್ತಾರೆ ಅಂತ ಗೆಳೆಯರು ಹೇಳುತ್ತಾರೆ.
– ಪಿಯುಸಿ ವಿದ್ಯಾರ್ಥಿ, ಮಡಿಕೇರಿ

ಉತ್ತರ: ಅಮರ ಚಿತ್ರ ಕಥೆಯ ಮೊಟ್ಟಮೊದಲ ಪುಸ್ತಕಗಳು ಬಂದದ್ದೇ ಕನ್ನಡದಲ್ಲಿ, ಅದನ್ನು ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದವರು. ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು. 2021ರಲ್ಲಿ ಮುಂಬೈಯ ಆನಂದ್ ಆರ್‌ಕೆ, 'ಬ್ಲೂ ಇನ್ ಗ್ರೀನ್' ಚಿತ್ರಗಳಿಗೆ ಜಾನ್ ಪಿಯರ್ಸನ್ ಜೊತೆ ಕಾಮಿಕ್ಸ್ ಲೋಕದ ದೊಡ್ಡ ಪ್ರಶಸ್ತಿಯಾದ ಐಸ್ನರ್ ಪಡೆದರು. ಗೆಳೆಯರಿಗೆ ಇಷ್ಟು ಹೇಳಿ, ಬಿಡಿಸೋಕೆ ಕೂತುಕೊಳ್ಳಿ.

ಒಂದು ಸಲಹೆ ಮಾತ್ರ. ನದಿ ಕಾಯುವ ವೀರನ ಇಡೀ ಪುರಾಣವನ್ನು ಮೊದಲ ಪುಸ್ತಕದಲ್ಲೇ ಹೇಳಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಅವನು ಎಲ್ಲಿದ್ದ? ಯಾರನ್ನು ಉಳಿಸಿದ, ಯಾರನ್ನು ಉಳಿಸಲು ಆಗಲಿಲ್ಲ? ಆ ಒಂದು ರಾತ್ರಿಯನ್ನು ಎಂಟು ಪುಟದಲ್ಲಿ ಹೇಳಿ. ಎ4 ಹಾಳೆ ಎರಡನ್ನು ಮಧ್ಯಕ್ಕೆ ಮಡಚಿ ಎರಡೂ ಬದಿ ಜೆರಾಕ್ಸ್ ಮಾಡಿದರೆ ಎಂಟು ಪುಟದ ಪುಸ್ತಕ ಸಿದ್ಧ. ಇನ್ನೊಂದು ಮುಖ್ಯ ವಿಷಯ: ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಇಂಗ್ಲಿಷ್ ಕಾಮಿಕ್ಸ್ ನೋಡಿ ಗುಳ್ಳೆಯ ಅಳತೆ ಹಾಕಿದರೆ ಸಾಲುಗಳು ಒಂದಕ್ಕೊಂದು ತಾಗುತ್ತವೆ. ಹಾಗಾಗಿ ಮೊದಲು ಮಾತನ್ನು ಪೆನ್ಸಿಲ್‌ನಲ್ಲಿ ಬರೆದು ಜಾಗ ಬಿಡಿ, ಆಮೇಲೆ ಚಿತ್ರ. ಮುಗಿದ ಮೇಲೆ ಒಂದು ಪ್ರತಿ ನನಗೆ ಕಳಿಸಿ, ಇದೇ ಅಂಕಣದಲ್ಲಿ ಅದರ ಬಗ್ಗೆ ಬರೆಯುತ್ತೇನೆ.