ನಮ್ಮ ಮಲೆನಾಡಿನ ಶಾಲೆಗಳೆಲ್ಲ ಸೇರಿ ಮಾಡುವ ಪರಿಸರ ಮೇಳದಲ್ಲಿ ಜೀವಂತ ಹಾವು ತೋರಿಸುವುದೋ, ಹುಲಿಯ ಸಾಕ್ಷ್ಯಚಿತ್ರ ಹಾಕುವುದೋ?

ಎರಡೂ ಬೇಡ ಮೇಷ್ಟ್ರೇ.

ತೀರ್ಥಹಳ್ಳಿ ಕಡೆ ನಾವೂ ಐದಾರು ಶಾಲೆ ಸೇರಿಸಿಕೊಂಡು ಅಕ್ಟೋಬರ್‌ನ ವನ್ಯಜೀವಿ ಸಪ್ತಾಹದಲ್ಲಿ ಮೇಳ ಮಾಡಿದ್ದೆವು. ಬೀಜದುಂಡೆ, ಚಿತ್ರಸ್ಪರ್ಧೆ ಎಲ್ಲ ಇತ್ತು. ಇಷ್ಟಕ್ಕೇ ಜನ ಬರಲ್ಲ ಅಂತ ಹಾವು ಹಿಡಿಯುವವರೊಬ್ಬರನ್ನು ಕರೆಸಿದ್ದು ನಾನು. ಹಿಂದಿನ ದಿನ ಯಾರದೋ ಕೊಟ್ಟಿಗೆಯಲ್ಲಿ ಹಿಡಿದ ನಾಗರಹಾವನ್ನು ಕಾಡಿಗೆ ಬಿಡದೆ ಚೀಲದಲ್ಲೇ ತಂದಿದ್ದರು. ಜನ ಸೇರಿದ್ದು ಕೇಳಬೇಡಿ. ಬೀಜದುಂಡೆ ಮಾಡುತ್ತಿದ್ದ ಮಕ್ಕಳೂ ಕೆಸರುಗೈಯಲ್ಲೇ ಎದ್ದು ಬಂದಿದ್ದರು.

ಕಾನೂನು ಮುರಿದಿದ್ದೇ ತಪ್ಪು ಅಂತ ಆಮೇಲೆ ಎಲ್ಲರೂ ಅಂದರು. ಹೌದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದಕ್ಕೆ ಒಪ್ಪುವುದಿಲ್ಲ. 2022ರ ತಿದ್ದುಪಡಿಯಲ್ಲಿ ನಾಗರಹಾವು ಮೊದಲನೇ ಅನುಸೂಚಿಗೇ, ಅಂದರೆ ಅತಿ ಹೆಚ್ಚು ರಕ್ಷಣೆಯ ಪ್ರಾಣಿಗಳ ಪಟ್ಟಿಗೇ, ಹೋಗಿದೆ. ಅರಣ್ಯ ಇಲಾಖೆಯವರು ಬೈದು ಬಿಟ್ಟರು. ನನ್ನನ್ನು ಈಗಲೂ ಕೊರೆಯುವುದು ಬೇರೆ. ಹಾವು ಹಿಡಿಯುವವರು ಬಾಯಲ್ಲಿ "ಹತ್ತಿರ ಹೋಗಬೇಡಿ, ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಸೀದಾ ಆಸ್ಪತ್ರೆಗೆ ಹೋಗಿ" ಅಂತ ಸರಿಯಾಗಿಯೇ ಹೇಳುತ್ತಿದ್ದರು. ಕೈ ಮಾತ್ರ ಬಾಲ ಹಿಡಿದು ಎತ್ತುತ್ತಿತ್ತು. ಚಪ್ಪಾಳೆ ಬಿದ್ದಿದ್ದು ಎತ್ತಿದ್ದಕ್ಕೆ. ಚಪ್ಪಾಳೆ ಯಾವುದಕ್ಕೆ ಅನ್ನುವುದನ್ನು ಮಕ್ಕಳು ಮರೆಯುತ್ತಾರೆಯೇ? ಕೆಲವೇ ದಿನಗಳಲ್ಲಿ ಆರನೇ ಕ್ಲಾಸಿನ ಹುಡುಗನೊಬ್ಬ ಗದ್ದೆ ಅಂಚಿನಲ್ಲಿ ಕೇರೆಹಾವಿನ ಬಾಲಕ್ಕೆ ಕೈ ಹಾಕಿ ಕಚ್ಚಿಸಿಕೊಂಡ. ಕೇರೆಗೆ ವಿಷವಿಲ್ಲ, ಸರಿ. ಕೊಳಕುಮಂಡಲವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಅವನ ಅಮ್ಮ ಕೇಳಿದರು. ಮರುವರ್ಷ ಒಂದು ಶಾಲೆಯೂ ಬರಲಿಲ್ಲ.

ಇನ್ನು ಹುಲಿ. ಮಕ್ಕಳಿಗೆ ಅದು ಟೀವಿಯಲ್ಲಿ ಬೇಕಾದಷ್ಟು ಸಿಗುತ್ತದೆ. ನಿಮ್ಮದೂ ಮಲೆನಾಡೇ ಅಂದಿದ್ದೀರಿ. ನೀರಿನ ತೊಟ್ಟಿಯ ಮೇಲೆ ಬಾಗಿದ ಕೊಂಬೆಯಲ್ಲಿ ನೊರೆಗೂಡು ಕಟ್ಟುವ ಮಲಬಾರ್ ಹಾರುವ ಕಪ್ಪೆಯನ್ನು ನಿಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳು ನೋಡಿದ್ದಾರೆ? ಆ ಗೂಡಿನಿಂದ ಗೊದಮೊಟ್ಟೆಗಳು ಒಂದೊಂದೇ ನೀರಿಗೆ ಉದುರುತ್ತವೆ. ಅದನ್ನು ತೋರಿಸಬೇಕಾದರೆ ಅಕ್ಟೋಬರ್ ಬಿಟ್ಟು ಮಳೆಗಾಲದಲ್ಲೇ ಮೇಳ ಇಡಿ. ಶಾಮಿಯಾನ ನೆನೆದರೆ ನೆನೆಯಲಿ. ಮಳೆ ರಜೆ ಕೊಟ್ಟರೆ ಮುಂದಿನ ವಾರಕ್ಕೆ ಹಾಕಿಕೊಳ್ಳಿ.

ಹಾವಿನ ಪಾಠ ಬೇಕೇ ಬೇಕೆಂದರೆ ನಾಲ್ಕು ದೊಡ್ಡ ಚಿತ್ರ ಸಾಕು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ವಿಷನಿರೋಧಕ ಇಂಜೆಕ್ಷನ್ ಈ ನಾಲ್ಕರ ವಿಷಕ್ಕೆಂದೇ ಮಾಡಿದ್ದು. ಹತ್ತಿರದ ಆರೋಗ್ಯ ಕೇಂದ್ರದ ಡಾಕ್ಟರನ್ನು ಮಾತಾಡಲು ಕರೆಯಿರಿ. ಜನ ಕಡಿಮೆ ಸೇರುತ್ತಾರೆ, ಪರವಾಗಿಲ್ಲ. ಕತ್ತಲಲ್ಲಿ ಟಾರ್ಚ್ ಹಾಕಿಕೊಂಡು ಬಚ್ಚಲಿಗೆ ಹೋಗುವುದನ್ನು ಮಕ್ಕಳ ಕೈಲೇ ನಾಟಕ ಮಾಡಿಸಿ, ಚಪ್ಪಾಳೆ ಅದಕ್ಕೆ ಹೊಡೆಸಿ.